ಬಿಸಿಲು, ಚಳಿ, ಕಂಪನಗಳ ನಡುವೆ ಎಸ್‌ಎಸ್‌ಡಿ

ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರದ ಪ್ರಸ್ಥಭೂಮಿಯೊಂದರ ಮೇಲೆ ಆಲ್ಮಾ ಎಂಬ ರೇಡಿಯೊ ದೂರದರ್ಶಕವಿದೆ. ಅದರ 66 ಆಂಟೆನಾಗಳು ಹಿಡಿದ ಸಂಕೇತಗಳನ್ನು ಒಂದುಗೂಡಿಸುವ ಮಹಾಗಣಕವೂ ಅದೇ ಎತ್ತರದಲ್ಲಿದೆ. ಆ ಗಣಕದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇಲ್ಲ. ಇಟ್ಟರೆ ಬಾಳುವುದೂ ಇಲ್ಲ. ಹಾರ್ಡ್ ಡಿಸ್ಕ್‌ನ ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ, ತಟ್ಟೆ ಸುತ್ತುವ ರಭಸಕ್ಕೆ ಏಳುವ ಗಾಳಿಯ ತೆಳುಪದರದ ಆಧಾರದಲ್ಲಿ ನಿಂತಿರುತ್ತದೆ. ಗಾಳಿ ತೆಳುವಾದರೆ ಆ ಆಧಾರ ಕುಸಿದು ತಲೆ ತಟ್ಟೆಗೆ ಬಡಿಯುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕ್‌ಗಳನ್ನು ಸುಮಾರು 3,000 ಮೀಟರ್‌ಗಿಂತ ಮೇಲೆ ಚಲಾಯಿಸಬಾರದು ಎಂದು ತಯಾರಕರು ಹೇಳುವುದು ಇದೇ ಕಾರಣಕ್ಕೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಈ ತಾಣವೂ ಆ ಮಿತಿಯನ್ನು ದಾಟಿಯೇ ನಿಂತಿದೆ.

ಇಂಥ ಜಾಗಗಳಲ್ಲಿ ಮಾಹಿತಿ ಉಳಿಯಬೇಕೆಂದರೆ ಚಲಿಸುವ ಭಾಗವೇ ಇಲ್ಲದ ಸಂಗ್ರಹ ಬೇಕು. ಫ್ಲ್ಯಾಶ್ ಮೆಮೊರಿ ಚಿಪ್‌ಗಳಿಂದ ಕಟ್ಟಿದ ಎಸ್‌ಎಸ್‌ಡಿ ಅಂಥದ್ದು. ಮನೆಯ ಲ್ಯಾಪ್‌ಟಾಪಿನಲ್ಲಿರುವ ಎಸ್‌ಎಸ್‌ಡಿ 0ಯಿಂದ 70 ಡಿಗ್ರಿ ಸೆಲ್ಸಿಯಸ್ ವರೆಗೆ ಕೆಲಸ ಮಾಡಿದರೆ ಸಾಕು. ಕೈಗಾರಿಕಾ ದರ್ಜೆಯದು ಮೈನಸ್ 40ರಿಂದ 85 ಡಿಗ್ರಿ ವರೆಗೆ ತಡೆಯಬೇಕು. ರೈಲು, ಗಣಿ ಯಂತ್ರ, ಹಡಗು, ಯುದ್ಧವಿಮಾನ, ಉಪಗ್ರಹ, ಎಣ್ಣೆಬಾವಿ, ಕಾರ್ಖಾನೆಯ ಸಿಎನ್‌ಸಿ ಯಂತ್ರ, ರಸ್ತೆಬದಿಯ ಸಿಗ್ನಲ್ ಪೆಟ್ಟಿಗೆ, ಇವೆಲ್ಲ ಅದರ ಕಾರ್ಯಕ್ಷೇತ್ರ. ಗಟ್ಟಿ ಎಸ್‌ಎಸ್‌ಡಿ ಎಂದೊಡನೆ ಕಣ್ಣಿಗೆ ಬರುವುದು ದಪ್ಪ ಅಲ್ಯೂಮಿನಿಯಂ ಕವಚ. ಆದರೆ ಈ ಸಾಧನಗಳ ಚರಿತ್ರೆಯನ್ನು ನೋಡಿದರೆ ಅವುಗಳನ್ನು ಕೊಂದದ್ದು ಹೆಚ್ಚಾಗಿ ಸುತ್ತಿಗೆಯ ಪೆಟ್ಟಲ್ಲ. ಸದ್ದಿಲ್ಲದೆ ಬರುವ ಶಾಖ, ಬಿಡದೆ ನಡೆಯುವ ಬರವಣಿಗೆ, ತಟ್ಟನೆ ಹೋಗುವ ಕರೆಂಟು ಮತ್ತು ಡ್ರೈವನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್‌ನೊಳಗಿನ ಲೆಕ್ಕದ ತಪ್ಪು, ಈ ನಾಲ್ಕೇ ಮುಖ್ಯ ಶತ್ರುಗಳು. ಕವಚ ಇವುಗಳಲ್ಲಿ ಒಂದನ್ನೂ ತಡೆಯುವುದಿಲ್ಲ.

ಹಿನ್ನೆಲೆ

ಚಲನೆಯಿಲ್ಲದ ಸಂಗ್ರಹದ ಹುಡುಕಾಟ ಫ್ಲ್ಯಾಶ್‌ಗಿಂತ ಹಳೆಯದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಬಬಲ್ ಮೆಮೊರಿ ತೆಳುವಾದ ಕಾಂತೀಯ ಪದರದಲ್ಲಿ ಪುಟ್ಟ ಕಾಂತಗುಳ್ಳೆಗಳನ್ನು ಸಾಗಿಸಿ ಮಾಹಿತಿ ಇಡುತ್ತಿತ್ತು. ನಿಧಾನ, ದುಬಾರಿ, ಆದರೆ ಧೂಳಿಗೂ ಕಂಪನಕ್ಕೂ ಜಗ್ಗದು. ಆದ್ದರಿಂದಲೇ ಜಪಾನಿನ ಫ್ಯಾನುಕ್ ಕಂಪನಿ ಅದನ್ನು ಕಾರ್ಖಾನೆಯ ಯಂತ್ರಗಳ ನಿಯಂತ್ರಕಗಳಲ್ಲಿ ಬಳಸಿತು. 1982ರಲ್ಲಿ ಬಂದ ಗ್ರಿಡ್ ಕಂಪಸ್ ಎಂಬ ಮಡಚುವ ಗಣಕ ಮೆಗ್ನೀಸಿಯಂ ಮೈ ಮತ್ತು ಬಬಲ್ ಮೆಮೊರಿಯೊಂದಿಗೆ ನಾಸಾದ ಬಾಹ್ಯಾಕಾಶ ನೌಕೆಯನ್ನೂ ಏರಿತು.

ಇದೇ ಹೊತ್ತಿಗೆ ತೋಷಿಬಾ ಕಂಪನಿಯ ಫುಜಿಯೊ ಮಸುಓಕಾ ಫ್ಲ್ಯಾಶ್ ಮೆಮೊರಿಯನ್ನು ಕಂಡುಹಿಡಿದರು. ನಾರ್ ಬಗೆಯನ್ನು 1984ರಲ್ಲಿ, ಇಂದಿನ ಎಸ್‌ಎಸ್‌ಡಿಗಳ ಜೀವಾಳವಾದ ನ್ಯಾಂಡ್ ಬಗೆಯನ್ನು 1987ರಲ್ಲಿ ಲೋಕಕ್ಕೆ ತಿಳಿಸಿದರು. 1991ರಲ್ಲಿ ಸನ್‌ಡಿಸ್ಕ್ ಎಂಬ ಕಂಪನಿ, ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದದ್ದು, ಐಬಿಎಂ ಗಣಕಗಳಿಗಾಗಿ 20 ಮೆಗಾಬೈಟ್‌ನ ಫ್ಲ್ಯಾಶ್ ಡ್ರೈವ್ ಮಾಡಿತು. ಬೆಲೆ ಸಾವಿರ ಡಾಲರ್ ಆಸುಪಾಸು. ಅಷ್ಟು ದುಡ್ಡಿಗೆ ಅಷ್ಟೇ ಜಾಗ ಕೊಳ್ಳುವವರು ಯಾರು? ಬೇರೆ ದಾರಿಯೇ ಇಲ್ಲದವರು. 1995ರಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಹಾರ್ಡ್ ಡಿಸ್ಕ್‌ನ ಜಾಗದಲ್ಲಿ ನೇರವಾಗಿ ಕೂರುವ ಫ್ಲ್ಯಾಶ್ ಡ್ರೈವ್ ತಂದಾಗ ಅದರ ಗಿರಾಕಿಗಳು ಸೇನೆ ಮತ್ತು ವೈಮಾನಿಕ ಉದ್ಯಮ. ಸಾಮಾನ್ಯರ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಬಂದದ್ದು ಅದಾದ ಹನ್ನೆರಡು ಹದಿಮೂರು ವರ್ಷಗಳ ಮೇಲೆ. ಹಾಗಾಗಿ ಗಟ್ಟಿ ಎಸ್‌ಎಸ್‌ಡಿಯನ್ನು ಮನೆಬಳಕೆಯ ಡ್ರೈವ್‌ಗೆ ಕವಚ ತೊಡಿಸಿ ಮಾಡಿದ ವಸ್ತುವೆಂದು ತಿಳಿಯುವುದು ಸರಿಯಲ್ಲ. ಹುಟ್ಟಿನ ಕ್ರಮದಲ್ಲಿ ಅದೇ ಹಿರಿಯದು.

ಬಾಹ್ಯಾಕಾಶದಲ್ಲೂ ಇದೇ ಹಾದಿ. ಹಬಲ್ ದೂರದರ್ಶಕ 1990ರಲ್ಲಿ ರೀಲ್ ಸುತ್ತುವ ಟೇಪ್ ರೆಕಾರ್ಡರ್‌ಗಳೊಂದಿಗೆ ಮೇಲೇರಿತ್ತು. 1997ರ ಫೆಬ್ರವರಿಯಲ್ಲಿ ಗಗನಯಾತ್ರಿಗಳು ಅವುಗಳಲ್ಲೊಂದನ್ನು ತೆಗೆದು, ಅದರ ಹತ್ತು ಪಟ್ಟು, ಅಂದರೆ 12 ಗಿಗಾಬಿಟ್ ಹಿಡಿಯುವ, ಚಲಿಸುವ ಭಾಗವಿಲ್ಲದ ಘನಸ್ಥಿತಿ ರೆಕಾರ್ಡರ್ ಕೂರಿಸಿದರು. ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಭಾರತೀಯ ದೂರಸಂವೇದಿ ಉಪಗ್ರಹಗಳೂ ಈ ಬದಲಾವಣೆಯನ್ನು ಕಂಡಿವೆ. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿ ಟೇಪ್ ರೆಕಾರ್ಡರ್ ಹೊತ್ತಿತ್ತು. 2005ರ ಮೇ 5ರಂದು ಹಾರಿದ ಕಾರ್ಟೋಸ್ಯಾಟ್-1ರಲ್ಲಿ 120 ಗಿಗಾಬಿಟ್‌ನ ಘನಸ್ಥಿತಿ ರೆಕಾರ್ಡರ್ ಇತ್ತು. ಹತ್ತು ವರ್ಷದೊಳಗೆ ಸುತ್ತುವ ಟೇಪಿನ ಕಾಲ ಮುಗಿದಿತ್ತು.

ಶಾಖ ಮತ್ತು ಸವೆತ

ಫ್ಲ್ಯಾಶ್ ಕೋಶವೊಂದು ಕೆಲಸ ಮಾಡುವ ಬಗೆ ತಿಳಿದರೆ ಅದರ ದೌರ್ಬಲ್ಯವೂ ತಿಳಿಯುತ್ತದೆ. ಟ್ರಾನ್ಸಿಸ್ಟರ್ ಒಳಗೆ ನಿರೋಧಕ ಪದರಗಳ ನಡುವೆ ಸಿಕ್ಕಿಸಿದ ಒಂದು ಪುಟ್ಟ ಜಾಗವಿರುತ್ತದೆ. ಸುಮಾರು 20 ವೋಲ್ಟ್ ಒತ್ತಡ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಆ ಪದರದ ಮೂಲಕ ಒಳಕ್ಕೆ ನುಗ್ಗಿಸುತ್ತಾರೆ. ಕರೆಂಟು ತೆಗೆದರೂ ಅವು ಅಲ್ಲೇ ಉಳಿಯುತ್ತವೆ. ಒಳಗೆಷ್ಟು ಎಲೆಕ್ಟ್ರಾನ್ ಇದೆ ಎಂಬುದೇ ಬರೆದ ಮಾಹಿತಿ. ತೊಂದರೆ ಎರಡು. ಪ್ರತಿ ಸಲ ಬರೆದು ಅಳಿಸಿದಾಗಲೂ ಆ ತೆಳುಪದರ ಚೂರು ಕೆಡುತ್ತದೆ. ಕೆಟ್ಟಷ್ಟೂ ಕೋಶ ಸೋರುವ ಮಡಕೆಯಾಗುತ್ತದೆ, ಬಿಸಿ ಹೆಚ್ಚಿದಷ್ಟೂ ಸೋರಿಕೆಯ ವೇಗ ಹೆಚ್ಚುತ್ತದೆ.

ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ, ತುಂಬಿದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ. ಇದು ಎಸ್‌ಎಲ್‌ಸಿ. ಹಳೆಯ ಎಸ್‌ಎಲ್‌ಸಿ ಚಿಪ್‌ಗಳು ಒಂದು ಲಕ್ಷದ ಹತ್ತಿರ ಸಲ ಬರೆದು ಅಳಿಸುವುದನ್ನು ತಡೆಯುತ್ತಿದ್ದವು. ಎರಡು ಬಿಟ್ ಇಡುವ ಎಂಎಲ್‌ಸಿಯಲ್ಲಿ ನಾಲ್ಕು ಮಟ್ಟಗಳನ್ನು ಗುರುತಿಸಬೇಕು, ಬಾಳಿಕೆ 3,000–10,000 ಸಲಕ್ಕೆ ಇಳಿಯುತ್ತದೆ. ಮೂರು ಬಿಟ್‌ನ ಟಿಎಲ್‌ಸಿಯಲ್ಲಿ ಎಂಟು ಮಟ್ಟ, ಬಾಳಿಕೆ ಸಾವಿರದಿಂದ ಮೂರು ಸಾವಿರದ ಆಜುಬಾಜು. ಅಗ್ಗವಾಗಿ ಹೆಚ್ಚು ಜಾಗ ಬೇಕೆಂಬ ಮಾರುಕಟ್ಟೆ ಈ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದಿದೆ. ಕೈಗಾರಿಕಾ ತಯಾರಕರು ಇದಕ್ಕೆ ಹುಡುಕಿಕೊಂಡ ಉಪಾಯ ಪಿಎಸ್‌ಎಲ್‌ಸಿ: ಮೂರು ಬಿಟ್ ಹಿಡಿಯುವ ಕೋಶದಲ್ಲಿ ಬೇಕೆಂದೇ ಒಂದೇ ಬಿಟ್ ಇಡುವುದು. ಜಾಗ ಮೂರನೇ ಒಂದಕ್ಕೆ ಕುಗ್ಗುತ್ತದೆ, ಬಾಳಿಕೆ ಹತ್ತಾರು ಪಟ್ಟು ಏರುತ್ತದೆ.

ಜೆಡೆಕ್ ಎಂಬ ಮಾನಕ ಸಂಸ್ಥೆ ಇದಕ್ಕೊಂದು ಅಳತೆಗೋಲು ಕೊಟ್ಟಿದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯಸ್ಸನ್ನೆಲ್ಲ ಮುಗಿಸಿದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಸರ್ವರ್‌ಗಳಿಗಾಗಿ ಮಾಡಿದ್ದು 40 ಡಿಗ್ರಿಯಲ್ಲಿ ಮೂರು ತಿಂಗಳು ಉಳಿಸಿಕೊಂಡರೆ ಸಾಕು. ಇಟ್ಟ ಜಾಗದ ಶಾಖ ಐದು ಡಿಗ್ರಿ ಏರಿದರೆ ಈ ಅವಧಿ ಸರಿಸುಮಾರು ಅರ್ಧವಾಗುತ್ತದೆ. 2015ರಲ್ಲಿ ಈ ಕೋಷ್ಟಕದ ಒಂದು ಮೂಲೆಯ ಅಂಕಿಯನ್ನು ಹಿಡಿದು, ಎಸ್‌ಎಸ್‌ಡಿಯನ್ನು ಕೆಲವು ದಿನ ಆರಿಸಿಟ್ಟರೆ ಮಾಹಿತಿ ಮಾಯವಾಗುತ್ತದೆ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹಬ್ಬಿತ್ತು. ಅದು ಸವೆದು ಮುಗಿದ ಡ್ರೈವ್‌ನ ಲೆಕ್ಕ, ಹೊಸ ಡ್ರೈವ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಸುತ್ತದೆ. ಆದರೂ ಕೈಗಾರಿಕೆಯವರಿಗೆ ಆ ಮೂಲೆಯ ಅಂಕಿ ಬೇಕಾದದ್ದೇ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನೆರಳಿನ ಶಾಖವೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ಲೋಹದ ಪೆಟ್ಟಿಗೆಯ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಅಲ್ಲಿ ವರ್ಷಗಟ್ಟಲೆ ಬರೆದು ಸವೆದ ಡ್ರೈವ್ ಕೆಲವು ವಾರ ಕರೆಂಟಿಲ್ಲದೆ ಕುಳಿತರೆ ಅದರ ಮಾಹಿತಿ ನಿಜಕ್ಕೂ ಅಪಾಯದಲ್ಲಿರುತ್ತದೆ.

ಶಾಖ ಕೆಲವೊಮ್ಮೆ ಉಪಕಾರಿಯೂ ಹೌದು. ಬಿಸಿಯಿರುವಾಗ ಬರೆದರೆ ನಿರೋಧಕ ಪದರದ ಗಾಯ ಸ್ವಲ್ಪ ಮಾಯುತ್ತದೆ. ತೀರ ಚಳಿಯಲ್ಲಿ ಬರೆದದ್ದನ್ನು ಬಿಸಿಯಲ್ಲಿ ಓದುವುದು ಎಲ್ಲಕ್ಕಿಂತ ಕಷ್ಟದ ಪರೀಕ್ಷೆ. ಮೈನಸ್ 30 ಡಿಗ್ರಿಯ ನಸುಕಿನಲ್ಲಿ ಬರೆದು, ಎಂಜಿನ್ ಕಾದ ಮೇಲೆ 70 ಡಿಗ್ರಿಯಲ್ಲಿ ಓದುವಾಗ ಕೋಶಗಳ ವೋಲ್ಟೇಜ್ ಮಟ್ಟಗಳು ಜರುಗಿರುತ್ತವೆ. ಮೆಮೊರಿ ಚಿಪ್‌ಗಳನ್ನು ನಡೆಸುವ ಕಂಟ್ರೋಲರ್ ತನ್ನ ಓದುವ ವೋಲ್ಟೇಜನ್ನು ಶಾಖಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳದಿದ್ದರೆ ತಪ್ಪುಗಳು ತುಂಬಿಕೊಳ್ಳುತ್ತವೆ. ವಿವರಪಟ್ಟಿಯಲ್ಲಿ ಮೈನಸ್ 40ರಿಂದ 85 ಎಂದು ಬರೆದಿದ್ದರೆ ಸಾಲದು. ಆ ಎರಡು ತುದಿಗಳ ನಡುವೆ ಓಡಾಡಿಸಿ ನೋಡಿದ್ದಾರೆಯೇ ಎಂದು ಕೊಳ್ಳುವವರು ಕೇಳಬೇಕು.

ಸವೆತಕ್ಕೆ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಒದಗಿಸಿದ್ದು ಟೆಸ್ಲಾ ಕಾರುಗಳು. 2012ರಿಂದ 2018ರ ಆರಂಭದವರೆಗೆ ತಯಾರಾದ ಮಾಡೆಲ್ ಎಸ್ ಮತ್ತು 2016ರಿಂದ ಬಂದ ಮಾಡೆಲ್ ಎಕ್ಸ್ ಕಾರುಗಳ ಮುಖ್ಯ ಪರದೆಯ ಹಿಂದಿನ ಗಣಕದಲ್ಲಿ 8 ಗಿಗಾಬೈಟ್‌ನ ಫ್ಲ್ಯಾಶ್ ಚಿಪ್ ಬೆಸೆದಿತ್ತು. ಪ್ರತಿ ಕೋಶ ಸುಮಾರು 3,000 ಸಲ ಬರೆದು ಅಳಿಸಿಕೊಳ್ಳಬಲ್ಲದು. ಗುಣಿಸಿದರೆ ಒಟ್ಟು 24,000 ಗಿಗಾಬೈಟ್. ದೊಡ್ಡ ಅಂಕಿಯೇ. ಆದರೆ ಕಾರು ಓಡುವಾಗೆಲ್ಲ ಲಾಗ್ ಬರೆಯುತ್ತಲೇ ಇತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ತನಿಖೆಯ ಪ್ರಕಾರ ಐದಾರು ವರ್ಷಗಳಲ್ಲಿ ಚಿಪ್ ಸವೆದುಹೋಗುತ್ತಿತ್ತು. ಪರದೆ ಕಪ್ಪಾದರೆ ಹಿಂಬದಿಯ ಕ್ಯಾಮೆರಾ ಇಲ್ಲ, ಗಾಜಿನ ಮಂಜು ತೆಗೆಯುವ ನಿಯಂತ್ರಣವಿಲ್ಲ. 2021ರ ಆರಂಭದಲ್ಲಿ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಿ 64 ಗಿಗಾಬೈಟ್‌ನ ಚಿಪ್ ಇರುವ ಬೋರ್ಡ್ ಹಾಕಬೇಕಾಯಿತು. ಇಲ್ಲಿ ಯಾವ ಪೆಟ್ಟೂ ಬಿದ್ದಿರಲಿಲ್ಲ. ಹದಿನೈದು ವರ್ಷ ಓಡಬೇಕಾದ ಗಾಡಿಗೆ ಐದಾರು ವರ್ಷದ ಸ್ಮೃತಿ ಕೊಟ್ಟಿದ್ದರು, ಅಷ್ಟೇ.

ಇಂಥ ಲೆಕ್ಕ ತಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಫ್ಲ್ಯಾಶ್‌ನಲ್ಲಿ ಬರೆಯುವುದು ಪುಟದ ಅಳತೆಯಲ್ಲಿ, ಸಾಮಾನ್ಯವಾಗಿ 16 ಕಿಲೋಬೈಟ್. ಅಳಿಸುವುದು ಅಂಥ ನೂರಾರು ಪುಟಗಳ ಇಡೀ ಬ್ಲಾಕ್‌ನ ಅಳತೆಯಲ್ಲಿ. ಸೆನ್ಸರ್ ಒಂದು ಸೆಕೆಂಡಿಗೊಮ್ಮೆ ನೂರು ಅಕ್ಷರದ ದಾಖಲೆ ಬರೆದು, ತಕ್ಷಣ ಭದ್ರವಾಗಲಿ ಎಂದು ಒತ್ತಾಯಿಸಿದರೆ ಪ್ರತಿ ಸಲ ಒಂದು ಪೂರ್ತಿ ಪುಟ ಖರ್ಚು. ಕೆಲವು ಮೆಗಾಬೈಟ್ ಬರೆದೆವೆಂದು ಬಳಸುವವರು ತಿಳಿದಿರುವಾಗ ಚಿಪ್ ಮೇಲೆ ನೂರು ಪಟ್ಟು ಬರವಣಿಗೆ ಆಗಿರಬಹುದು. ಬರೀ ಓದುವುದೂ ನಿರುಪದ್ರವಿಯಲ್ಲ. ಒಂದೇ ಪುಟವನ್ನು ಲಕ್ಷಾಂತರ ಸಲ ಓದಿದರೆ ಅಕ್ಕಪಕ್ಕದ ಪುಟಗಳ ಕೋಶಗಳು ಅಷ್ಟಿಷ್ಟು ಕದಲುತ್ತವೆ. ವರ್ಷಗಟ್ಟಲೆ ಒಂದೇ ತಂತ್ರಾಂಶವನ್ನು ಓದಿ ಏಳುವ ಟಿಕೆಟ್ ಯಂತ್ರ, ಎಟಿಎಂಗಳಲ್ಲಿ ಇದು ನಿಜವಾದ ಸಮಸ್ಯೆ. ಒಳ್ಳೆಯ ಕೈಗಾರಿಕಾ ಡ್ರೈವ್ ಬಿಡುವಿನ ವೇಳೆಯಲ್ಲಿ ತನ್ನನ್ನು ತಾನೇ ಓದಿ ನೋಡಿ, ಮಾಸುತ್ತಿರುವ ಪುಟಗಳನ್ನು ಹೊಸ ಜಾಗಕ್ಕೆ ಮತ್ತೆ ಬರೆದಿಡುತ್ತದೆ.

ಕರೆಂಟು ಹೋದ ಕ್ಷಣ

ಎಸ್‌ಎಸ್‌ಡಿಗೆ ಪ್ರಾಣಾಂತಿಕವಾಗಬಲ್ಲದ್ದು ಕರೆಂಟು ಇಲ್ಲದಿರುವುದಲ್ಲ, ಬರೆಯುತ್ತಿರುವಾಗ ಹೋಗುವುದು. ಎರಡು ಬಿಟ್ ಇಡುವ ಕೋಶಗಳಲ್ಲಿ ಮೊದಲ ಬಿಟ್ ಎಂದೋ ಬರೆದು ಭದ್ರವಾಗಿರುತ್ತದೆ. ಎರಡನೆಯದನ್ನು ಅದೇ ಕೋಶಕ್ಕೆ ಸೇರಿಸುವ ನಡುವೆ ಕರೆಂಟು ಹೋದರೆ ಎರಡೂ ಹಾಳು. ಮುಟ್ಟದೇ ಇದ್ದ ಹಳೆಯ ಕಡತ ಕೆಡುತ್ತದೆ. ಯಾವ ಮಾಹಿತಿ ಯಾವ ಚಿಪ್‌ನ ಯಾವ ಪುಟದಲ್ಲಿದೆ ಎಂಬ ನಕ್ಷೆಯೇ ಅರ್ಧ ಬರೆದು ನಿಂತರೆ ಡ್ರೈವ್ ಮತ್ತೆ ಏಳದೇ ಹೋಗಬಹುದು.

2013ರಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರು ಮಾರುಕಟ್ಟೆಯ 15 ಎಸ್‌ಎಸ್‌ಡಿಗಳ ಮೇಲೆ ಬರೆಯುತ್ತಿರುವಾಗಲೇ ಮತ್ತೆ ಮತ್ತೆ ಕರೆಂಟು ತೆಗೆದು ನೋಡಿದರು. 13ರಲ್ಲಿ ಏನಾದರೊಂದು ದೋಷ ಕಂಡಿತು: ಬರೆದದ್ದು ಕಳೆಯಿತು, ಅರ್ಧ ಬರೆದದ್ದು ಉಳಿಯಿತು, ಕ್ರಮ ತಪ್ಪಿತು, ಒಂದು ಪೂರ್ತಿ ಸತ್ತಿತು. ದಿನಕ್ಕೆ ಹಲವು ಸಲ ಕರೆಂಟು ಹೋಗಿಬರುವ ಊರುಗಳಿಗೆ, ಕೀಲಿ ತಿರುಗಿಸಿದೊಡನೆ ವಿದ್ಯುತ್ ಕಡಿದುಹೋಗುವ ವಾಹನಗಳಿಗೆ ಇದು ಪುಸ್ತಕದೊಳಗಿನ ಸಂಗತಿಯಲ್ಲ. ಇದಕ್ಕೆ ಪರಿಹಾರ ಡ್ರೈವ್‌ನೊಳಗೆ ಜೋಡಿಸುವ ಕೆಪಾಸಿಟರ್‌ಗಳ ಸಾಲು. ಹೊರಗಿನ ವೋಲ್ಟೇಜ್ ಕುಸಿದದ್ದನ್ನು ಕಂಟ್ರೋಲರ್ ಗುರುತಿಸಿ, ಕೆಪಾಸಿಟರ್‌ನಲ್ಲಿ ಉಳಿದ ಕೆಲವು ಮಿಲಿಸೆಕೆಂಡುಗಳ ವಿದ್ಯುತ್ತಿನಲ್ಲಿ ಕೈಯಲ್ಲಿರುವ ಕೆಲಸ ಮುಗಿಸುತ್ತದೆ. ಆ ಕೆಪಾಸಿಟರ್‌ಗಳೂ ಶಾಖಕ್ಕೆ ಸೊರಗುತ್ತವೆ. ಆದ್ದರಿಂದ ದುಬಾರಿಯಾದರೂ ಟ್ಯಾಂಟಲಮ್ ಅಥವಾ ಪಾಲಿಮರ್ ಬಗೆಯವನ್ನು ಹಾಕಿ, ಅವು ಇನ್ನೂ ಸಮರ್ಥವಾಗಿವೆಯೇ ಎಂದು ಆಗಾಗ ಪರೀಕ್ಷಿಸಿಕೊಳ್ಳುವ ಏರ್ಪಾಡನ್ನೂ ಮಾಡುತ್ತಾರೆ.

ಯಂತ್ರಾಂಶವೆಲ್ಲ ಸರಿಯಿದ್ದರೂ ತಂತ್ರಾಂಶ ಕೈಕೊಡಬಹುದು. 2004ರ ಜನವರಿಯಲ್ಲಿ ಮಂಗಳಕ್ಕಿಳಿದ ಸ್ಪಿರಿಟ್ ರೋವರ್ ಹದಿನೆಂಟನೇ ದಿನ ಭೂಮಿಯೊಂದಿಗೆ ಮಾತು ನಿಲ್ಲಿಸಿತು. ಅದರ 256 ಮೆಗಾಬೈಟ್ ಫ್ಲ್ಯಾಶ್‌ಗೆ ಏನೂ ಆಗಿರಲಿಲ್ಲ. ಪಯಣದುದ್ದಕ್ಕೂ ಅಳಿಸದೇ ಉಳಿದ ಕಡತಗಳ ಪಟ್ಟಿ ಬೆಳೆದು, ಅದನ್ನು ಇಡಲು ಮುಖ್ಯ ಮೆಮೊರಿ ಸಾಲದಾಗಿ, ಗಣಕ ಅರವತ್ತಕ್ಕೂ ಹೆಚ್ಚು ಸಲ ತಾನಾಗಿ ಮರುಚಾಲನೆಗೊಂಡಿತು. ಫ್ಲ್ಯಾಶ್ ಅನ್ನು ಬಿಟ್ಟು ಏಳುವಂತೆ ಭೂಮಿಯಿಂದ ಆಜ್ಞೆ ಕಳಿಸಿ, ಆಮೇಲೆ ಫಾರ್ಮ್ಯಾಟ್ ಮಾಡಿ ರೋವರ್‌ನ್ನು ಉಳಿಸಿದರು. ಅದು 2010ರವರೆಗೆ ದುಡಿಯಿತು. ಭೂಮಿಯ ಮೇಲಿನ ಉದಾಹರಣೆ ಇನ್ನೂ ಭಯ ಹುಟ್ಟಿಸುವಂಥದ್ದು. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ತಕ್ಷಣ ಫರ್ಮ್‌ವೇರ್ ಬದಲಿಸಿ ಎಂದು ಗಿರಾಕಿಗಳಿಗೆ ತಿಳಿಸಿತು. ಅದು ಮೂರು ವರ್ಷ, 270 ದಿನ, ಎಂಟು ಗಂಟೆ. 16 ಬಿಟ್‌ನ ಚಿಹ್ನೆಸಹಿತ ಎಣಿಕೆ 32,767 ದಾಟಲಾರದು. ಒಂದೇ ದಿನ ಚಾಲೂ ಮಾಡಿದ ಡ್ರೈವ್‌ಗಳು ಒಂದೇ ಗಂಟೆಯಲ್ಲಿ ಸಾಯುವುದರಿಂದ, ಒಂದು ಹೋದರೆ ಇನ್ನೊಂದಿದೆ ಎಂಬ ಜೋಡಿ ಡ್ರೈವ್‌ನ ರಕ್ಷಣೆಯೂ ಇಲ್ಲಿ ನಿಲ್ಲದು. ಅಣೆಕಟ್ಟಿನ ಬಾಗಿಲನ್ನೋ ಸಿಗ್ನಲ್ ಕೇಂದ್ರವನ್ನೋ ನಡೆಸುವ ಗಣಕಗಳಿಗೆ ಡ್ರೈವ್ ಆರಿಸುವವರು ಈ ಪ್ರಕರಣವನ್ನು ನೆನಪಿಡಲೇಬೇಕು.

ಪೆಟ್ಟು, ಕಂಪನ, ಉಪ್ಪುಗಾಳಿ

ಕಂಪನ ಹಾರ್ಡ್ ಡಿಸ್ಕ್‌ಗೆ ಎಷ್ಟು ಅಪಾಯಕಾರಿ ಎಂಬುದಕ್ಕೆ 2016ರ ಸೆಪ್ಟೆಂಬರಿನಲ್ಲಿ ಬುಕಾರೆಸ್ಟ್ ನಗರದ ಐಎನ್‌ಜಿ ಬ್ಯಾಂಕಿನಲ್ಲಿ ನಡೆದದ್ದು ಸಾಕ್ಷಿ. ಬೆಂಕಿ ಆರಿಸುವ ವ್ಯವಸ್ಥೆಯ ಅಭ್ಯಾಸದಲ್ಲಿ ಸಿಲಿಂಡರುಗಳಿಂದ ಅನಿಲ ನುಗ್ಗಿದ ಸದ್ದಿಗೇ ದತ್ತಾಂಶ ಕೇಂದ್ರದ ಹಲವಾರು ಹಾರ್ಡ್ ಡಿಸ್ಕ್‌ಗಳು ಕೆಟ್ಟು, ಬ್ಯಾಂಕಿನ ಸೇವೆಗಳು ಸುಮಾರು ಹತ್ತು ಗಂಟೆ ನಿಂತವು. ಎಸ್‌ಎಸ್‌ಡಿಗೆ ಸದ್ದಿನ ಹಂಗಿಲ್ಲ. ಅರ್ಧ ಮಿಲಿಸೆಕೆಂಡಿನ 1,500 ಜಿ ಆಘಾತ ತಡೆಯುತ್ತದೆ ಎಂದು ಕೈಗಾರಿಕಾ ಡ್ರೈವ್‌ಗಳ ವಿವರಪಟ್ಟಿಯಲ್ಲಿ ಬರೆದಿರುತ್ತದೆ. ಜಿ ಎಂದರೆ ಭೂಮಿಯ ಗುರುತ್ವದ ಅಳತೆ.

ಎಸ್‌ಎಸ್‌ಡಿಯಲ್ಲಿ ಮುರಿಯುವುದು ಬೆಸುಗೆ. ಚಿಪ್ ಮತ್ತು ಬೋರ್ಡ್ ಬಿಸಿಯಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಗಲು ಬಿಸಿ, ರಾತ್ರಿ ತಂಪು ಎಂದು ವರ್ಷಗಟ್ಟಲೆ ನಡೆದರೆ ನಡುವಿನ ಬೆಸುಗೆಯ ಗುಂಡುಗಳು ಬಿರುಕು ಬಿಡುತ್ತವೆ. ಇದನ್ನು ತಡೆಯಲು ಚಿಪ್‌ನ ಅಡಿಗೆ ಎಪಾಕ್ಸಿ ಅಂಟು ತುಂಬುತ್ತಾರೆ. ಬೋರ್ಡಿಗೆಲ್ಲ ತೆಳುವಾದ ರಕ್ಷಾಲೇಪನ ಬಳಿದರೆ ಕಾರವಾರ, ಮಂಗಳೂರಿನಂಥ ಕಡಲತೀರದ ಉಪ್ಪುತೇವ ಒಳಗಿಳಿಯದು. ಕಾಗದದ ಗಿರಣಿ, ತ್ಯಾಜ್ಯನೀರಿನ ಘಟಕ, ಎಣ್ಣೆ ಶುದ್ಧೀಕರಣ ಕೇಂದ್ರಗಳ ಗಾಳಿಯಲ್ಲಿರುವ ಗಂಧಕ ರೆಸಿಸ್ಟರ್‌ಗಳೊಳಗಿನ ಬೆಳ್ಳಿಯನ್ನು ತಿಂದು ಹಾಕುತ್ತದೆ. ಅಲ್ಲಿಗೆ ಗಂಧಕ ತಡೆಯುವ ರೆಸಿಸ್ಟರ್‌ಗಳೇ ಬೇಕು. ಕನೆಕ್ಟರ್‌ಗಳ ಚಿನ್ನದ ಲೇಪ ದಪ್ಪವಾಗಿರಬೇಕು. ಬಹಳ ಅದುರುವ ಕಡೆ ಕನೆಕ್ಟರನ್ನೇ ಬಿಟ್ಟು ಇಡೀ ಡ್ರೈವನ್ನು ಒಂದೇ ಚಿಪ್‌ನೊಳಗಿಟ್ಟು ಬೋರ್ಡಿಗೆ ಬೆಸೆಯುತ್ತಾರೆ.

ಜಾಹೀರಾತುಗಳಲ್ಲಿ ಎದ್ದು ಕಾಣುವ ಮಿಲ್-ಎಸ್‌ಟಿಡಿ-810 ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕದ ರಕ್ಷಣಾ ಇಲಾಖೆ 1962ರಲ್ಲಿ ಮೊದಲು ಹೊರತಂದ ಈ ದಾಖಲೆ ಒಂದು ಪರೀಕ್ಷಾಕ್ರಮಗಳ ಸಂಗ್ರಹ. ಕಡಿಮೆ ಗಾಳಿಯೊತ್ತಡ, ಶಾಖ, ಚಳಿ, ತೇವ, ಉಪ್ಪುಮಂಜು, ಧೂಳು, ಕಂಪನ, ಆಘಾತ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ವಿಧಾನಗಳಿವೆ. ಯಾವುದನ್ನು ಎಷ್ಟು ಕಟುವಾಗಿ ಮಾಡಬೇಕೆಂದು ಬಳಕೆಗೆ ತಕ್ಕಂತೆ ಆರಿಸಿಕೊಳ್ಳಬೇಕು. ಪಾಸಾಯಿತೆಂದು ಪ್ರಮಾಣಪತ್ರ ಕೊಡುವ ಕಚೇರಿ ಯಾವುದೂ ಇಲ್ಲ. ಆದ್ದರಿಂದ ಯಾವ ವಿಧಾನ, ಎಷ್ಟು ಹೊತ್ತು, ಡ್ರೈವ್ ಓಡುತ್ತಿತ್ತೋ ಆರಿಸಿತ್ತೋ ಎಂಬ ವಿವರವಿಲ್ಲದ ಹೆಸರಿಗೆ ಬೆಲೆ ಕಡಿಮೆ.

ಪೆಟ್ಟು ತಡೆಯುವ ಫ್ಲ್ಯಾಶ್‌ನ ಪರಮಾವಧಿ ವಿಮಾನದ ರೆಕಾರ್ಡರ್‌ಗಳು, ಜನರ ಬಾಯಲ್ಲಿ ಬ್ಲ್ಯಾಕ್ ಬಾಕ್ಸ್. ಅವುಗಳೊಳಗಿನ ಮೆಮೊರಿ ಘಟಕ 3,400 ಜಿ ಆಘಾತ, 1,100 ಡಿಗ್ರಿಯ ಬೆಂಕಿಯಲ್ಲಿ ಒಂದು ಗಂಟೆ, 260 ಡಿಗ್ರಿಯಲ್ಲಿ ಹತ್ತು ಗಂಟೆ, 6,000 ಮೀಟರ್ ಆಳದ ಕಡಲನೀರಿನಲ್ಲಿ 30 ದಿನ ತಡೆಯಬೇಕೆಂಬುದು ನಿಯಮ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ರ ರೆಕಾರ್ಡರ್‌ಗಳು ಸಿಕ್ಕಿದ್ದು 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ನಿಯಮ ಕೇಳಿದ್ದು 30 ದಿನ, ಅವು ಮಲಗಿದ್ದು 23 ತಿಂಗಳು. ಫ್ರಾನ್ಸಿನ ತನಿಖಾ ಸಂಸ್ಥೆ ಬೋರ್ಡುಗಳನ್ನು ತೊಳೆದು ಒಣಗಿಸಿ ಓದಿದಾಗ ಮಾಹಿತಿ ಪೂರ್ತಿ ಇತ್ತು. ವೇಗಮಾಪಕದ ನಳಿಕೆಗಳಲ್ಲಿ ಮಂಜುಗಡ್ಡೆ ಕಟ್ಟಿದ್ದರಿಂದ ಹಿಡಿದು ಕೊನೆಯ ನಾಲ್ಕು ನಿಮಿಷಗಳ ಕಥೆ ಜಗತ್ತಿಗೆ ತಿಳಿದದ್ದು ಆ ಚಿಪ್‌ಗಳಿಂದ. ಆಳಸಮುದ್ರದ ತಣ್ಣನೆಯ ನೀರು ಎಲೆಕ್ಟ್ರಾನ್‌ಗಳ ಸೋರಿಕೆಗೆ ಅನುಕೂಲವಲ್ಲದ ಜಾಗ ಎಂಬುದೂ ಇಲ್ಲಿ ಗಮನಾರ್ಹ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅಪಘಾತದಲ್ಲೂ, ಕಣಿವೆಗೆ ಉರುಳಿ ಉರಿದ ವಿಮಾನದಿಂದ ತೆಗೆದ ರೆಕಾರ್ಡರ್‌ಗಳೇ ತನಿಖೆಗೆ ಆಧಾರವಾದವು.

ಭೂಮಿಯ ಒಳಗೂ ಹೊರಗೂ

ಎಣ್ಣೆಬಾವಿ ಕೊರೆಯುವ ಉಪಕರಣದ ತುದಿಯಲ್ಲಿ ಶಾಖ 150, 175 ಡಿಗ್ರಿಗೆ ಏರುವುದುಂಟು. ಅಲ್ಲಿ ನ್ಯಾಂಡ್ ಫ್ಲ್ಯಾಶ್ ನಿಲ್ಲುವುದು ಕಷ್ಟ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2012ರಲ್ಲಿ 210 ಡಿಗ್ರಿ ತಡೆಯುವ ಫ್ಲ್ಯಾಶ್ ಚಿಪ್ ತಂದಿತು. ಅದರ ಗಾತ್ರ ಬರೀ 4 ಮೆಗಾಬೈಟ್. ಫೋನಿನ ಒಂದು ಚಿತ್ರ ಹಿಡಿಸುವಷ್ಟು ಜಾಗ, ಆದರೆ ಕಿಲೋಮೀಟರುಗಳ ಆಳದ ಬಂಡೆಯ ಸುದ್ದಿ ತರಲು ಅಷ್ಟೇ ಬಹಳ.

ಆಕಾಶದಲ್ಲಿ ಶತ್ರು ವಿಕಿರಣ. ವೇಗವಾಗಿ ಬರುವ ಒಂದೇ ಕಣ ಒಂದು ಬಿಟ್ ತಿರುಗಿಸಬಲ್ಲದು. ವರ್ಷಗಳಲ್ಲಿ ಸೇರಿದ ಒಟ್ಟು ವಿಕಿರಣ ಚಿಪ್‌ನೊಳಗೆ ಬರೆಯಲು ಬೇಕಾದ ಆ 20 ವೋಲ್ಟ್ ಉತ್ಪಾದಿಸುವ ಭಾಗವನ್ನೇ ಕುಗ್ಗಿಸಿ, ಓದಲು ಬಂದರೂ ಬರೆಯಲು ಬಾರದ ಸ್ಥಿತಿ ತರುತ್ತದೆ. 2013ರ ಫೆಬ್ರವರಿ ಕೊನೆಯಲ್ಲಿ ಮಂಗಳದ ಮೇಲಿದ್ದ ಕ್ಯೂರಿಯಾಸಿಟಿ ರೋವರ್‌ನ ಮುಖ್ಯ ಗಣಕದ ಫ್ಲ್ಯಾಶ್ ಕೆಟ್ಟಾಗ, ಅದರಂತೆಯೇ ಇರುವ ಎರಡನೇ ಗಣಕಕ್ಕೆ ಕೆಲಸ ವರ್ಗಾಯಿಸಿದರು. ಸ್ಪಿರಿಟ್‌ನ ಜೋಡಿ ಆಪರ್ಚುನಿಟಿ 90 ದಿನಕ್ಕೆಂದು ಹೋಗಿ ಹತ್ತು ವರ್ಷ ದಾಟಿದ ಮೇಲೆ, 2014ರಲ್ಲಿ, ಅದರ ಏಳು ಫ್ಲ್ಯಾಶ್ ಬ್ಯಾಂಕುಗಳಲ್ಲಿ ಒಂದು ಸೋತಿತು. ಮುಂದೆ ಅದು ದಿನದ ಮಾಹಿತಿಯನ್ನು ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಇಟ್ಟುಕೊಂಡು, ರಾತ್ರಿ ಮಲಗುವ ಮುನ್ನ ಕಳಿಸಿ, ಹೀಗೆಯೇ ವರ್ಷಗಟ್ಟಲೆ ನಡೆಯಿತು.

ವಿಶೇಷ ಚಿಪ್ ಇಲ್ಲದೆ ಅಂಗಡಿಯಲ್ಲಿ ಸಿಗುವ ಸರ್ವರನ್ನೇ ಕಳಿಸಿದರೆ ಏನಾದೀತು ಎಂದು ನೋಡಲು ಎಚ್‌ಪಿಇ 2017ರ ಆಗಸ್ಟಿನಲ್ಲಿ ಸ್ಪೇಸ್‌ಬೋರ್ನ್ ಕಂಪ್ಯೂಟರ್ ಎಂಬ ಯಂತ್ರವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಏರಿಸಿತು. ಪ್ರೊಸೆಸರ್‌ಗಳು ತಾಳಿಕೊಂಡವು. 20 ಎಸ್‌ಎಸ್‌ಡಿಗಳಲ್ಲಿ 9 ಸೋತವು. ಆ ಪಾಠ ಕಲಿತು 2021ರಲ್ಲಿ ಎರಡನೇ ಯಂತ್ರ ಕಳಿಸಿದರು. 2024ರ ಆರಂಭದಲ್ಲಿ ಅದಕ್ಕೆ ಕಿಯೋಕ್ಸಿಯಾ ಕಂಪನಿಯ ಎಸ್‌ಎಸ್‌ಡಿಗಳನ್ನು ಜೋಡಿಸಿ ಸಂಗ್ರಹವನ್ನು 130 ಟೆರಾಬೈಟ್‌ಗೂ ಹೆಚ್ಚು ಮಾಡಲಾಯಿತು.

ಗುಟ್ಟಿನ ಮಾಹಿತಿ

ಸೇನೆಯ ಡ್ರೈವ್ ಮಾಹಿತಿ ಉಳಿಸುವುದರ ಜೊತೆಗೆ ಬೇಕೆಂದಾಗ ಕ್ಷಣದಲ್ಲಿ ಅಳಿಸಲೂಬೇಕು. 2001ರ ಏಪ್ರಿಲ್ 1ರಂದು ಅಮೆರಿಕದ ಇಪಿ-3 ಗೂಢಚರ್ಯೆ ವಿಮಾನ ಚೀನಾದ ಯುದ್ಧವಿಮಾನಕ್ಕೆ ಡಿಕ್ಕಿಯಾಗಿ ಹೈನಾನ್ ದ್ವೀಪದಲ್ಲಿ ಇಳಿಯಬೇಕಾಯಿತು. ಒಳಗಿದ್ದವರು ಕೊಡಲಿಯಿಂದ ಉಪಕರಣಗಳನ್ನು ಒಡೆದರು, ಡಿಸ್ಕ್ ಡ್ರೈವ್‌ಗಳಿಗೆ ಬಿಸಿ ಕಾಫಿ ಸುರಿದರು. ಇಂದಿನ ಸೇನಾ ಎಸ್‌ಎಸ್‌ಡಿಗಳಲ್ಲಿ ಒಂದು ತಂತಿಗೆ ಸಂಕೇತ ಕೊಟ್ಟರೆ ಗೂಢಲಿಪಿಯ ಕೀಲಿ ಮೊದಲು ಅಳಿಯುತ್ತದೆ, ಅನಂತರ ಚಿಪ್‌ಗಳು.

ಅಳಿಸುವುದು ಹೇಳಿದಷ್ಟು ಸುಲಭವಲ್ಲ. ಸವೆತ ಹಂಚಲು ಕಂಟ್ರೋಲರ್ ಮಾಹಿತಿಯನ್ನು ಸದಾ ಜಾಗ ಬದಲಿಸುತ್ತಿರುವುದರಿಂದ ಹಳೆಯ ಪ್ರತಿಗಳು ಎಲ್ಲೆಲ್ಲೋ ಉಳಿದಿರುತ್ತವೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡ ಚಿಪ್‌ಗಳನ್ನು ನೇರವಾಗಿ ಓದಿ ನೋಡಿದಾಗ, ಅಳಿಸಿದ್ದೇನೆ ಎಂದು ವರದಿ ಮಾಡಿದ ಡ್ರೈವ್ ಒಂದರಲ್ಲಿ ಮಾಹಿತಿ ಹಾಗೆಯೇ ಇತ್ತು. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಹೆಸರುವಾಸಿ ಡ್ರೈವ್‌ಗಳ ಒಳಗಿನ ಗೂಢಲಿಪೀಕರಣವನ್ನು ಗುಪ್ತಪದವಿಲ್ಲದೆಯೇ ದಾಟಿ ತೋರಿಸಿದರು.

ಬೆಲೆ ಮತ್ತು ಪೂರೈಕೆ

ದುಬಾರಿ ಕೊಂಡರೆ ನಿಶ್ಚಿಂತೆ ಎಂದೂ ಇಲ್ಲ. ಗೂಗಲ್ ದತ್ತಾಂಶ ಕೇಂದ್ರಗಳ ಆರು ವರ್ಷದ ಅನುಭವವನ್ನು ವಿಶ್ಲೇಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಎರಡು ಮುಖ್ಯ ಸಂಗತಿ ಹೇಳಿತು. ಎಸ್‌ಎಲ್‌ಸಿ ಡ್ರೈವ್‌ಗಳು ಎಂಎಲ್‌ಸಿಗಿಂತ ಹೆಚ್ಚು ವಿಶ್ವಾಸಾರ್ಹವೇನೂ ಆಗಿರಲಿಲ್ಲ, ಮತ್ತು ಎಸ್‌ಎಸ್‌ಡಿಗಳನ್ನು ಹಾರ್ಡ್ ಡಿಸ್ಕ್‌ಗಿಂತ ಕಡಿಮೆ ಸಲ ಬದಲಿಸಬೇಕಾಗಿ ಬಂದರೂ ಸರಿಪಡಿಸಲಾಗದ ಓದುವ ತಪ್ಪುಗಳು ಅವುಗಳಲ್ಲೇ ಹೆಚ್ಚು. ಹವಾನಿಯಂತ್ರಿತ ಕೋಣೆಯ ಫಲಿತಾಂಶವನ್ನು ಗಣಿಯ ಲಾರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಚಿಪ್‌ನ ಬಗೆ ಒಂದನ್ನೇ ನೋಡಿ ತೀರ್ಮಾನಿಸುವುದು ಸಾಲದೆಂದು ಅದು ತೋರಿಸಿತು.

ಹಾರ್ಡ್ ಡಿಸ್ಕ್ ಕಠಿಣ ಜಾಗಗಳಿಂದ ಪೂರ್ತಿ ಹೋಗಿಯೂ ಇಲ್ಲ. 2017ರಲ್ಲಿ ಕಪ್ಪುಕುಳಿಯ ಚಿತ್ರಕ್ಕಾಗಿ ಎತ್ತರದ ಪರ್ವತಗಳಿಂದ ದಕ್ಷಿಣ ಧ್ರುವದವರೆಗೆ ನಡೆದ ವೀಕ್ಷಣೆಯಲ್ಲಿ ಪೆಟಾಬೈಟ್‌ಗಟ್ಟಲೆ ಮಾಹಿತಿ ತುಂಬಿದ್ದು ಹೀಲಿಯಂ ತುಂಬಿ ಮುಚ್ಚಿದ ಹಾರ್ಡ್ ಡಿಸ್ಕ್‌ಗಳಲ್ಲಿ. ಅಷ್ಟು ಫ್ಲ್ಯಾಶ್ ಕೊಳ್ಳುವ ವೆಚ್ಚ ವಿಪರೀತವಾಗುತ್ತಿತ್ತು.

ಕೈಗಾರಿಕಾ ಗಿರಾಕಿಯ ದೊಡ್ಡ ಚಿಂತೆ ಈಗ ಬೇರೆಯೇ ಆಗಿದೆ. ರೈಲುಬೋಗಿ, ವಿದ್ಯುತ್ ಉಪಕೇಂದ್ರ, ವೈದ್ಯಕೀಯ ಯಂತ್ರಗಳು ಹದಿನೈದು ಇಪ್ಪತ್ತು ವರ್ಷ ಬಾಳಬೇಕು. ನ್ಯಾಂಡ್‌ನ ಒಂದು ತಲೆಮಾರು ಎರಡು ಮೂರು ವರ್ಷದಲ್ಲಿ ಹಳತಾಗುತ್ತದೆ. 2013ರಲ್ಲಿ ಸ್ಯಾಮ್‌ಸಂಗ್ ಕೋಶಗಳನ್ನು 24 ಪದರಗಳಲ್ಲಿ ಪೇರಿಸಿದ ಲಂಬ ನ್ಯಾಂಡ್ ತಂದ ಮೇಲೆ ಪದರಗಳು ಇನ್ನೂರನ್ನು ದಾಟಿವೆ, ಸಮತಲದ ಹಳೆಯ ಎಸ್‌ಎಲ್‌ಸಿ, ಎಂಎಲ್‌ಸಿ ಚಿಪ್‌ಗಳನ್ನು ತಯಾರಿಸುವವರು ವಿರಳವಾಗಿದ್ದಾರೆ. ಮನೆಬಳಕೆಯ ಡ್ರೈವ್‌ನಲ್ಲಿ ಅದೇ ಹೆಸರು, ಅದೇ ಡಬ್ಬಿಯೊಳಗೆ ಚಿಪ್ ಬದಲಾಗಿದ್ದರೂ ಯಾರೂ ಹೇಳುವುದಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಸ್ವಿಸ್‌ಬಿಟ್, ತೈವಾನಿನ ಇನ್ನೋಡಿಸ್ಕ್‌ನಂಥ ಕಂಪನಿಗಳು ಮಾರುವುದು ಮುಖ್ಯವಾಗಿ ಈ ಭರವಸೆಯನ್ನು: ಚಿಪ್, ಕಂಟ್ರೋಲರ್, ಫರ್ಮ್‌ವೇರ್‌ಗಳಲ್ಲಿ ಒಂದನ್ನೂ ತಿಳಿಸದೆ ಬದಲಿಸುವುದಿಲ್ಲ, ಬದಲಿಸಲೇಬೇಕಾದರೆ ತಿಂಗಳುಗಳ ಮೊದಲೇ ಲಿಖಿತ ಸೂಚನೆ ಕೊಟ್ಟು ಕೊನೆಯ ಖರೀದಿಗೆ ಅವಕಾಶ ಮಾಡಿಕೊಡುತ್ತೇವೆ ಎಂಬುದು. ಆ ಸೂಚನೆ ಬಂದ ದಿನ ರೈಲ್ವೆಯ ಅಥವಾ ಆಸ್ಪತ್ರೆ ಯಂತ್ರದ ಎಂಜಿನಿಯರ್ ಮುಂದೆ ಎರಡೇ ದಾರಿ: ಮುಂದಿನ ಹತ್ತು ವರ್ಷಕ್ಕೆ ಬೇಕಾದಷ್ಟು ಹಳೆಯ ಡ್ರೈವ್ ಕೊಂಡು ತಂಪು ಕೋಣೆಯಲ್ಲಿ ಶೇಖರಿಸಿಡುವುದು, ಇಲ್ಲವೇ ಹೊಸ ಪಿಎಸ್‌ಎಲ್‌ಸಿ ಡ್ರೈವನ್ನು ಶಾಖ, ಕಂಪನ, ಕರೆಂಟು ಕಡಿತಗಳ ಪರೀಕ್ಷೆಗೆ ಮೊದಲಿನಿಂದ ಒಡ್ಡುವುದು.